ಕಣ್ಣು ಮುಚ್ಚಿಕೊಂಡು ಹಿಂದೆ ಕೂರುವ ಕೆಲಸ

ಟಿಣ್, ಟಿಣ್, ಟಿಣ್, ಟಪ್.

ವಿದ್ಯಾರಣ್ಯಪುರಂನ ಆ ಮನೆಯ ಗೇಟು ತೆಗೆದು ಒಳಗೆ ಕಾಲಿಟ್ಟಾಗ ನನಗೆ ಕೇಳಿಸಿದ ಮೊದಲ ಸದ್ದು ಇದು. ಹಿತ್ತಲಲ್ಲಿ ಯಾರೋ ಸ್ಪ್ಯಾನರಿನಿಂದ ಮೆಲ್ಲಗೆ ಏನನ್ನೋ ತಟ್ಟುತ್ತಿದ್ದರು. ನಾನು ಟೈಪಿಂಗ್ ಕೆಲಸ ಕೇಳಿಕೊಂಡು ಕೆಸರೆಯಿಂದ ಬಸ್ಸು ಬದಲಾಯಿಸಿ ಬಂದವಳು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಎದೆಗೆ ಅವುಚಿಕೊಂಡ ಸರ್ಟಿಫಿಕೇಟುಗಳ ಫೈಲು. ಸದ್ದಿನ ಜಾಡು ಹಿಡಿದು ಹೋದರೆ ಹಲಸಿನ ಮರದ ಪಕ್ಕ ಶೀಟು ಹೊದಿಸಿದ ಒಂದು ಶೆಡ್ಡು. ಅದರೊಳಗೆ ಮೋಟರ್‌ಸೈಕಲ್ಲಿನ ಚಕ್ರವೊಂದನ್ನು ಸ್ಟ್ಯಾಂಡಿಗೆ ಸಿಕ್ಕಿಸಿಕೊಂಡು ಕೂತಿದ್ದ ತೆಳ್ಳಗಿನ ಮನುಷ್ಯ. ಚಕ್ರವನ್ನು ಚೂರು ತಿರುಗಿಸುವುದು, ಕಡ್ಡಿಯನ್ನು ತಟ್ಟುವುದು, ಮತ್ತೆ ಚೂರು ತಿರುಗಿಸುವುದು.

"ಎಕ್ಸ್‌ಕ್ಯೂಸ್ ಮಿ ಸರ್, ದಟ್ ಒನ್ ಈಸ್ ಫ್ಲ್ಯಾಟ್," ಅಂದುಬಿಟ್ಟೆ. ಕಾನ್ವೆಂಟಿನಲ್ಲಿ ಪಿಯಾನೋ ಕಲಿಸಿದ ಸಿಸ್ಟರು ನನ್ನ ಕಿವಿಯನ್ನು ಹಾಗೆ ಕೆಡಿಸಿ ಕಳಿಸಿದ್ದರು. ಅಪಸ್ವರ ಕೇಳಿದರೆ ಹಲ್ಲು ಜುಮ್ಮೆನ್ನುತ್ತಿತ್ತು.

ಅವರು ತಲೆ ಎತ್ತಿದರು. "ಫ್ಲ್ಯಾಟಾ? ಇನ್ನೂ ಟೈರೇ ಹಾಕಿಲ್ವಲ್ಲಮ್ಮ."

"ಟೈರಲ್ಲ ಸರ್, ಆ ಕಡ್ಡಿ. ಮಿಕ್ಕಿದ್ದೆಲ್ಲ ಹಾಡ್ತಿದೆ, ಅದೊಂದು ಕೆಮ್ತಿದೆ."

ಅವರು ಸ್ಪ್ಯಾನರನ್ನು ನನ್ನ ಕಡೆ ಚಾಚಿದರು. ಫೈಲನ್ನು ಡ್ರಮ್ಮಿನ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ. ಆ ಸರ್ಟಿಫಿಕೇಟುಗಳನ್ನು ಅವರು ಕೊನೆಯವರೆಗೂ ತೆರೆದು ನೋಡಲಿಲ್ಲ.

ಅವರೇ ನಂಜರಾಜ್ ಸರ್. ಅವರ ಅಜ್ಜ ಅರಮನೆಯ ಮೋಟರ್ ಖಾನೆಯಲ್ಲಿದ್ದವರು. ಇವರು ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ಕೆಲವು ವರ್ಷ ಗಾಡಿ ಜೋಡಿಸಿ, ಆಮೇಲೆ ಮನೆಯ ಹಿತ್ತಲಲ್ಲೇ ಸ್ವಂತ ಕೆಲಸ ಶುರುಮಾಡಿದ್ದರು. ಆಫೀಸಿಗೆ ಹೋಗಿಬರುವ ಗಾಡಿಗಳನ್ನು ಮುಟ್ಟುತ್ತಿರಲಿಲ್ಲ. ಲಡಾಖ್, ಕಛ್, ಗೋವಾ ಅಂತ ದೂರ ಹೊರಡುವವರ ಗಾಡಿಗಳನ್ನು ದಾರಿಗೆ ತಕ್ಕ ಹಾಗೆ ಮಾರ್ಪಡಿಸಿ ಕೊಡುವುದು, ಮರಳಿ ಬಂದಾಗ ರಿಪೇರಿ ಮಾಡುವುದು, ಅಷ್ಟೇ. ನನ್ನನ್ನು ಕರೆಸಿಕೊಂಡಿದ್ದು ಬಿಡಿಭಾಗಗಳಿಗಾಗಿ ಊರೂರಿಗೆ ಇಂಗ್ಲಿಷ್ ಪತ್ರ ಬರೆಯಲು. ಪತ್ರ ಬರೆದದ್ದು ಕಡಿಮೆ, ಚಕ್ರ ಕಟ್ಟಿದ್ದೇ ಜಾಸ್ತಿ.

ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು, "ಆಂಟಿ, ನಿಮ್ಮ ಎಕ್ಸ್‌ಪೀರಿಯನ್ಸ್ ಬರೆದುಕೊಡಿ" ಅನ್ನುತ್ತಾರೆ. ಬರೆಯುತ್ತೇನೆ, ಮೈ ಡಿಯರ್ಸ್. ಆದರೆ ಎಲ್ಲಿಂದ ಶುರುಮಾಡಿದರೂ ನಾನು ಬಂದು ನಿಲ್ಲುವುದು ಒಂದೇ ಕಡೆ: ಹ್ಯಾಂಡಲ್ ಬಿಡಲೊಪ್ಪದ ಒಬ್ಬ ಮನುಷ್ಯ, ಅವರ ಕಣ್ಣು ಹೋಗತೊಡಗಿದ ಮೇಲೆ ಮತ್ತೆ ಕನ್ಯಾಕುಮಾರಿಗೆ ಹೋದರೇ, ಇಲ್ಲವೇ ಅನ್ನುವಲ್ಲಿಗೆ.

ಕನ್ಯಾಕುಮಾರಿ ಯಾಕೆಂದರೆ, ಪ್ರತಿ ವರ್ಷ ದಸರೆ ಮುಗಿದು ಊರಿನ ಗಲಾಟೆ ತಣ್ಣಗಾದ ಮೇಲೆ ಸರ್ ಮತ್ತು ಅವರ ಹೆಂಡತಿ ಸುಮಿತ್ರಕ್ಕ ಬೈಕಿನಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದರು. ಅವರು ಮುಂದೆ, ಇವರು ಹಿಂದೆ. ಮದುವೆಯಾದ ವರ್ಷದಿಂದ ನಡೆದುಕೊಂಡು ಬಂದದ್ದು. ಸುಮಿತ್ರಕ್ಕ ಮುಂದಿನ ಕೋಣೆಯಲ್ಲಿ ವೀಣೆ ಕಲಿಸುತ್ತಿದ್ದರು. ಮುಂದೆ ವೀಣೆ, ಹಿಂದೆ ಕಡ್ಡಿ. ಬೀದಿಯವರು ಹೇಗೆ ಸಹಿಸಿಕೊಂಡರೋ ದೇವರಿಗೇ ಗೊತ್ತು.

ಆ ಶೆಡ್ಡಿನಲ್ಲಿ ಒಂದು ಕಾಯಿದೆ ಇತ್ತು. ಮಾಡಿದ ಕೆಲಸವನ್ನು ಮಾಡಿದವರೇ ಪರೀಕ್ಷೆ ಮಾಡುವಂತಿಲ್ಲ. ಕೆಲಸ ಮಾಡಿದವರು ಗಾಡಿ ಓಡಿಸಬೇಕು. ಇನ್ನೊಬ್ಬರು ಹಿಂದೆ ಕೂತು, ಕಣ್ಣು ಮುಚ್ಚಿಕೊಂಡು, ಕೇಳಬೇಕು. ಏನಾದರೂ ಸರಿಯಿಲ್ಲ ಅನ್ನಿಸಿದರೆ ಭುಜದ ಮೇಲೆ ಒಂದು ತಟ್ಟು. ಗಾಡಿ ನಿಲ್ಲಬೇಕು. ಎಲ್ಲ ಸರಿಯಿದ್ದರೆ ಅಂಗೈ ಅಗಲಿಸಿ ಭುಜದ ಮೇಲಿಡುವುದು. ಮುಂದೆ ನಡೆಯಬಹುದು ಅಂತ. "ಕಣ್ಣು ತೆರೆದಿದ್ರೆ ಮನಸ್ಸು ರಸ್ತೆ ನೋಡುತ್ತೆ ಕಣಮ್ಮ, ಗಾಡೀನ ಕೇಳಲ್ಲ," ಅನ್ನುತ್ತಿದ್ದರು ಸರ್. ಇದಕ್ಕೆಂದೇ ಕಿವಿ ಮುಚ್ಚದ ಅರ್ಧ ಹೆಲ್ಮೆಟ್ ಒಂದು ಗೋಡೆಯ ಮೊಳೆಗೆ ನೇತಾಡುತ್ತಿತ್ತು.

ಹಾಗಾಗಿ ನಾನು ಬೈಕು ಕಲಿಯಲೇಬೇಕಾಯಿತು. ಸೀರೆ ಹೋಗಿ ಸಲ್ವಾರ್ ಬಂತು. ಊಹಿಸಿಕೊಳ್ಳಿ, ಆ ಕಾಲದ ಮೈಸೂರು. ದೊಡ್ಡ ಮೋಟರ್‌ಸೈಕಲ್ಲಿನ ಮುಂದೆ ಚರ್ಚಿನ ಕ್ವಾಯರಿನ ಹುಡುಗಿ, ಹಿಂದೆ ಗಂಭೀರವಾಗಿ ಕಣ್ಣು ಮುಚ್ಚಿ ಕೂತ ಗಂಡಸು. ನಂಜನಗೂಡು ರಸ್ತೆಯ ಸಿಗ್ನಲ್ಲಿನಲ್ಲಿ ಒಬ್ಬ ಹೂವಿನ ಹೆಂಗಸು ನಮ್ಮನ್ನು ನೋಡಿ ಪಕ್ಕದವಳಿಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಪಾಪ ಕಣಕ್ಕ, ಎದರ್ಕೊಂಡು ಕಣ್ಮುಚ್ಕೊಂಡವ್ರೆ."

ಸರ್ ಕಣ್ಣು ತೆರೆಯದೆಯೇ ಉತ್ತರ ಕೊಟ್ಟರು. "ಹೆದರಿಕೆ ಇಲ್ಲಮ್ಮ. ಚೈನು ಸ್ವಲ್ಪ ಸಡಿಲ ಇದೆ, ಅದನ್ನ ಕೇಳ್ತಾ ಇದೀನಿ."

ಸುದ್ದಿ ನಮ್ಮ ಪ್ಯಾರಿಷ್ ಫಾದರ್ ತನಕ ಹೋಯಿತು. ಭಾನುವಾರ ಪೂಜೆ ಮುಗಿದ ಮೇಲೆ ಕರೆದರು. ಬೈಯುತ್ತಾರೆ ಅಂದುಕೊಂಡೆ. "ಐರಿನ್, ನನ್ನ ಮೊಪೆಡ್ಡಿನಲ್ಲಿ ಒಂದು ಕಿರಿಕಿರಿ ಸದ್ದು ಬರುತ್ತಮ್ಮ. ಒಂದು ರೌಂಡು ಹಿಂದೆ ಕೂತು ಕೇಳ್ತೀಯಾ?" ಅಂದರು.

ಕಡ್ಡಿ ಬಿಗಿಯುವ ಕೆಲಸದಲ್ಲಿ ನನ್ನಂಥವಳು ಮಾತ್ರ ಮಾಡಬಹುದಾದ ತಪ್ಪೊಂದನ್ನು ಮೊದಲ ವರ್ಷವೇ ಮಾಡಿದೆ. ಹಿಂದಿನ ಚಕ್ರವೊಂದನ್ನು ಕಟ್ಟಲು ಕೊಟ್ಟಿದ್ದರು. ನಾನು ಹಟ ಹಿಡಿದು ಅಷ್ಟೂ ಕಡ್ಡಿಗಳನ್ನು ಒಂದೇ ಸ್ವರಕ್ಕೆ ತಂದೆ. ಪರ್ಫೆಕ್ಟ್ ಯೂನಿಸನ್. ತಟ್ಟಿದರೆ ಇಡೀ ಚಕ್ರ ಗಂಟೆಯ ಹಾಗೆ ಮೊಳಗುತ್ತಿತ್ತು. ಹೆಮ್ಮೆಯಿಂದ ಸರ್ ಅವರನ್ನು ಕರೆದೆ. ಅವರು ಚಕ್ರ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದರು. ರಿಮ್ಮು ನಡುವೆ ಇರಲಿಲ್ಲ. ಆಚೆ ಮನೆಗೆ ಇಣುಕುವವರ ಹಾಗೆ ಪೂರ್ತಿ ಒಂದು ಪಕ್ಕಕ್ಕೆ ವಾಲಿತ್ತು.

ಮೆಕ್ಯಾನಿಕ್ ಮಾದೇಶ ಸ್ಟೂಲಿನ ಮೇಲೆ ಕೂತು ಬೀಡಿ ಹಚ್ಚಿಕೊಳ್ಳುತ್ತಿದ್ದ. "ಮಿಸ್ಸು, ಹಾಡು ಚೆನ್ನಾಗೈತೆ. ಗಾಡಿ ಮಾತ್ರ ಮಂಡ್ಯಕ್ಕೆ ಓಗೋ ಬದಲು ಮಡಿಕೇರಿಗೆ ಓಯ್ತದೆ."

ಸರ್ ನಗಲಿಲ್ಲ. "ಇದು ಕ್ವಾಯರ್ ಅಲ್ಲ ಕಣಮ್ಮ. ಹಿಂದಿನ ಚಕ್ರದಲ್ಲಿ ಒಂದು ಪಕ್ಕ ಚೈನಿದೆ, ಆ ಕಡೆ ಕಡ್ಡಿ ನೆಟ್ಟಗೆ ನಿಂತಿರುತ್ತೆ, ಜಾಸ್ತಿ ಎಳೀಬೇಕು. ಈ ಪಕ್ಕದ್ದು ಓರೆ, ಕಡಿಮೆ ಸಾಕು. ಎರಡು ಕಡೆಗೆ ಎರಡು ಸ್ವರ. ಆಗ ರಿಮ್ಮು ಮಧ್ಯದಲ್ಲಿ ನಿಲ್ಲುತ್ತೆ."

ಸುಮಿತ್ರಕ್ಕ ಕಾಫಿ ತಂದವರು ನಿಂತು ಕೇಳಿಸಿಕೊಂಡರು. ಒಂದು ಪಕ್ಕ ತಟ್ಟಿದರು, ಇನ್ನೊಂದು ಪಕ್ಕ ತಟ್ಟಿದರು. "ಈ ಕಡೆ ಷಡ್ಜ ಇಟ್ರೆ ಆ ಕಡೆ ಗಾಂಧಾರ ಬೇಕಾಗುತ್ತೆ ಅನ್ನಿ," ಅಂದು ಲೋಟ ಇಟ್ಟು ಹೋದರು. ಅವತ್ತಿನಿಂದ ನನಗೆ ಪಿಯಾನೋದ ಲೆಕ್ಕ, ಅವರಿಗೆ ವೀಣೆಯ ಲೆಕ್ಕ. ಇಬ್ಬರಲ್ಲಿ ಯಾರು ಸರಿ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ.

ಗಿರಾಕಿಗಳ ಬಗ್ಗೆ ಬರೆಯಲು ಕೂತರೆ ಪುಸ್ತಕವೇ ಆದೀತು. ಒಬ್ಬ ಬ್ಯಾಂಕಿನ ಸಾಹೇಬರು ಇದ್ದರು. ಟೂರಿಂಗ್ ಅಂದರೆ ಸಾಮಾನು ಅಂತ ನಂಬಿದವರು. ಮುಂದೆ ಮಂಜಿನ ದೀಪ, ಪಕ್ಕಕ್ಕೆ ಎರಡು ಪೆಟ್ಟಿಗೆ, ಹಿಂದೆ ಒಂದು ಪೆಟ್ಟಿಗೆ, ಟ್ಯಾಂಕಿನ ಮೇಲೆ ಬ್ಯಾಗು, ಕಾಲಿಗೆ ಗಾರ್ಡು, ಗಾರ್ಡಿಗೆ ಇನ್ನೆರಡು ದೀಪ. ಎಲ್ಲ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡರು. ಆಮೇಲೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಲಾಗಲಿಲ್ಲ.

"ಸಾರ್, ಒಂದು ಕೆಲಸ ಮಾಡಿ," ಅಂದ ಮಾದೇಶ. "ಗಾಡಿ ಇಲ್ಲೇ ಇರ್ಲಿ. ನೀವು ಬಸ್ಸಲ್ಲಿ ಓಗ್ಬುಟ್ಟು ಬನ್ನಿ. ಲೈಟ್ ನಾವು ಆಕ್ಕೊಂಡು ಕೂತಿರ್ತೀವಿ."

ಸರ್ ಮಾತ್ರ ಅವರಿಗೆ ಚಹಾ ಕೊಟ್ಟು, "ಒಂದು ವಾರ ಸುಮ್ಮನೆ ಓಡಿಸಿ. ದಿನಕ್ಕೊಂದು ಸಾಮಾನು ಬಿಚ್ಚಿಕೊಂಡು ಬನ್ನಿ. ಯಾವುದು ಬಿಚ್ಚಿದಾಗ ನಿಮಗೆ ಬೇಜಾರಾಗುತ್ತೋ ಅದನ್ನ ಮಾತ್ರ ವಾಪಸ್ ಹಾಕೋಣ," ಅಂದರು. ಕೊನೆಗೆ ಉಳಿದದ್ದು ಒಂದು ಪೆಟ್ಟಿಗೆ. ಈಗಿನ ಹುಡುಗರು ಮೊಬೈಲಿನಲ್ಲಿ ವಿಡಿಯೋ ತೋರಿಸಿ, "ಹೀಗೇ ಬೇಕು" ಅಂದಾಗಲೆಲ್ಲ ನಾನು ಇದೇ ಮದ್ದು ಕೊಟ್ಟಿದ್ದೇನೆ.

ಇನ್ನೊಬ್ಬರು ಡಾಕ್ಟರಮ್ಮ, ನನಗಿಂತ ಕುಳ್ಳಿ. ಬೈಕಿನ ಮೇಲೆ ಕೂತರೆ ಎರಡೂ ಕಾಲು ಗಾಳಿಯಲ್ಲಿ. ಬೇರೆ ಕಡೆಯವರು ಸಸ್ಪೆನ್ಷನ್ ತಗ್ಗಿಸಿ ಕೊಟ್ಟಿದ್ದರು. ಗಾಡಿಯ ಹೊಟ್ಟೆ ಪ್ರತಿ ಹಂಪ್ಸಿಗೂ ಉಜ್ಜುತ್ತಿತ್ತು. ನಾವು ಸೀಟಿನ ಸ್ಪಂಜನ್ನು ತೊಡೆ ಬರುವ ಕಡೆ ಮಾತ್ರ ಕೆತ್ತಿ ಕಿರಿದು ಮಾಡಿದೆವು. ಎತ್ತರ ಹೆಚ್ಚು ಇಳಿಯಲಿಲ್ಲ, ಆದರೆ ಕಾಲು ನೇರವಾಗಿ ನೆಲ ಮುಟ್ಟಿತು. ಸೀಟಿನ ಮೇಲೆ ರೆಕ್ಸಿನ್ ಹೊಲಿದದ್ದು ನಾನು. ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಲ್ಲಿ ನನಗೆ ಬಂದಿದ್ದ ರಿಮಾರ್ಕು "ಅನ್‌ಟೈಡಿ". ಆ ಸಿಸ್ಟರಿಗೆ ಒಂದು ಸಲ ಆ ಸೀಟು ತೋರಿಸಬೇಕಿತ್ತು.

ಬದಲಾವಣೆ ಎಷ್ಟು ಬಂತು. ಕಡ್ಡಿಯೇ ಇಲ್ಲದ ಅಲಾಯ್ ಚಕ್ರ ಬಂದ ಮೇಲೆ ಕಡ್ಡಿ ಕೇಳುವವರೇ ಇಲ್ಲದ ಕೆಲವು ವರ್ಷ ಬಂದವು. ನಾನು ಬರೀ ಸೀಟು ಹೊಲಿದೆ. ಆಮೇಲೆ ಕೆಟ್ಟ ದಾರಿಗೆ ಕಡ್ಡಿಯೇ ಲೇಸು ಅಂತ ಮತ್ತೆ ಬಂದರು. ಈಗ ಟ್ಯೂಬಿಲ್ಲದ ಕಡ್ಡಿ ಚಕ್ರಗಳೂ ಇವೆ. ಬಿಗಿ ಅಳೆಯುವ ಗೇಜು ಬಂತು, ಎಂಜಿನ್ನಿನ ಕಷ್ಟ ಹೇಳುವ ಸ್ಕ್ಯಾನರ್ ಬಂತು. ಗೇಜು ಬಳಸಿ, ಖಂಡಿತ ಬಳಸಿ. ಕಡ್ಡಿಯ ದಪ್ಪ ಬದಲಾದರೆ ಸ್ವರವೂ ಬದಲಾಗುತ್ತೆ, ಕಿವಿಯೊಂದನ್ನೇ ನಂಬಿದರೆ ರಿಮ್ಮು ಸೀಳುತ್ತದೆ. ಆದರೆ ಗೇಜು ಇಟ್ಟು ಮುಗಿಸಿದ ಮೇಲೆ ಒಂದು ರೌಂಡು ಯಾರನ್ನಾದರೂ ಹಿಂದೆ ಕೂರಿಸಿಕೊಂಡು ಹೋಗಿ. ಪ್ಲೀಸ್.

ಸರ್ ಅವರ ಕಣ್ಣಿನ ವಿಷಯ ಮೊದಲು ಗೊತ್ತಾದದ್ದು ಚಕ್ರದಿಂದಲೇ. ರಿಮ್ಮು ವಾಲಿದ್ದು ಅವರಿಗೆ ಕಾಣಲಿಲ್ಲ. ನಾನು ಬೆಳಕು ಕಡಿಮೆ ಅಂದುಕೊಂಡೆ. ಆಮೇಲೆ ಪಕ್ಕದಲ್ಲಿ ಇಟ್ಟ ಲೋಟ ಕಾಣದೆ ಕೈ ತಗುಲಿಸಿ ಚೆಲ್ಲತೊಡಗಿದರು. ಗ್ಲಾಕೋಮಾ. ಎದುರಿನದು ಕೊಳವೆಯಲ್ಲಿ ನೋಡಿದ ಹಾಗೆ ಕಾಣುತ್ತೆ, ಪಕ್ಕದ್ದು ಇಲ್ಲ. ಗಾಡಿ ಓಡಿಸಕೂಡದು ಅಂದರು ಡಾಕ್ಟರು. ಆ ವರ್ಷ ದಸರೆ ಮುಗಿಯಿತು, ಅವರ ಬೈಕು ಶೆಡ್ಡಿನಲ್ಲೇ ನಿಂತಿತ್ತು. ಸರ್ ದಿನಾ ಬೆಳಿಗ್ಗೆ ಅದನ್ನು ಒರೆಸಿ, ಸ್ಟಾರ್ಟ್ ಮಾಡಿ, ಐದು ನಿಮಿಷ ಕೇಳಿ, ಆಫ್ ಮಾಡುತ್ತಿದ್ದರು.

ಸುಮಿತ್ರಕ್ಕ ಎಲ್ಲ ಪ್ರಯತ್ನ ಮಾಡಿದರು. "ರೀ, ಕಾರು ಮಾಡ್ಕೊಂಡು ಹೋಗೋಣ."

"ಕಾರಲ್ಲಿ ಹೋಗೋದಾದ್ರೆ ಕನ್ಯಾಕುಮಾರಿ ಯಾಕೆ? ಮಾರ್ಕೆಟ್ಟಿಗೆ ಹೋದ್ರೂ ಆಯ್ತು."

"ಮಾದೇಶ ಓಡಿಸ್ಲಿ, ನೀವು ಹಿಂದೆ ಕೂತ್ಕೊಳಿ."

"ನಾನು ಹಿಂದೆ ಕೂರೋದು ಟ್ರಯಲ್‌ಗೆ ಮಾತ್ರ ಸುಮಿ. ಪ್ರಯಾಣಕ್ಕಲ್ಲ."

ಎರಡನೇ ವರ್ಷದ ಹೊತ್ತಿಗೆ ಅವರು ಸ್ಟಾರ್ಟ್ ಮಾಡುವುದನ್ನೂ ಬಿಟ್ಟರು. ಮಾತು ಕಡಿಮೆಯಾಯಿತು. ಶೆಡ್ಡಿಗೆ ಬರುವುದು ನಿಂತಿತು. ಸುಮಿತ್ರಕ್ಕ ಒಂದು ಮಧ್ಯಾಹ್ನ ನನ್ನ ಹತ್ತಿರ ಬಂದು ಡ್ರಮ್ಮಿನ ಮೇಲೆ ಕೂತರು. "ಐರಿನ್, ಕಣ್ಣು ಹೋಗೋದನ್ನ ತಡ್ಕೋತೀನಿ ಕಣೆ. ಈ ಮನುಷ್ಯ ಹೀಗೆ ಗೋಡೆ ಕಡೆ ಮುಖ ಮಾಡ್ಕೊಂಡು ಕೂತ್ರೆ ನನ್ನ ಕೈಲಿ ಆಗಲ್ಲ. ಏನಾದ್ರೂ ಮಾಡು."

ಹಲಸಿನ ಮರದ ಕೆಳಗೆ ಅಜ್ಜನ ಕಾಲದ ಸೈಡ್‌ಕಾರ್ ಒಂದು ಬಿದ್ದಿತ್ತು. ಬೈಕಿನ ಎಡಗಡೆ ಜೋಡಿಸುವ, ಒಂದು ಚಕ್ರದ, ದೋಣಿಯಂಥ ಗಾಡಿ. ಬೆಕ್ಕು ಪ್ರತಿ ಸಲ ಅದರಲ್ಲೇ ಮರಿ ಹಾಕುತ್ತಿತ್ತು. ನಾನು ಅದರ ಕಡೆ ಕೈ ತೋರಿಸಿದೆ.

ಸರ್ ಕೇಳಿ ಒಂದೇ ಮಾತು ಅಂದರು: "ತೊಟ್ಟಿಲಲ್ಲಿ ಮಲಗಿಸಿ ಕರ್ಕೊಂಡು ಹೋಗೋಕೆ ನಾನೇನು ಕೂಸಾ?"

ಮರಿಗಳನ್ನು ಅಡುಗೆಮನೆಯ ಬುಟ್ಟಿಗೆ ಸಾಗಿಸಿ ಕೆಲಸ ಶುರುಮಾಡಿದೆವು. ಮಾದೇಶ ತುಕ್ಕು ಉಜ್ಜಿ, ಬೆಸುಗೆ ಹಾಕಿದ. ನಾನು ಸೀಟು ಹೊಲಿದೆ. ಆರ್‌ಟಿಓ ಕಚೇರಿಗೆ ಅಲೆದು ಕಾಗದಪತ್ರ ಸರಿ ಮಾಡಿಸಿದೆವು. ಓಡಿಸಬೇಕಾದವರು ಸುಮಿತ್ರಕ್ಕ. ಮೊದಲಿನಿಂದ ಸ್ಕೂಟರ್ ಓಡಿಸುತ್ತಿದ್ದರು, ಆದರೆ ಸೈಡ್‌ಕಾರ್ ಕಟ್ಟಿದ ಬೈಕು ಬೇರೆಯೇ ಪ್ರಾಣಿ. ಅದು ಬಾಗುವುದಿಲ್ಲ. ಆಕ್ಸಿಲರೇಟರ್ ಕೊಟ್ಟರೆ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಿಡಿದರೆ ಬಲಕ್ಕೆ. ಖಾಲಿಯಿದ್ದಾಗ ಎಡಕ್ಕೆ ಜೋರಾಗಿ ತಿರುಗಿಸಿದರೆ ಸೈಡ್‌ಕಾರ್ ಮೇಲೇಳುತ್ತದೆ. ಮೈದಾನದಲ್ಲಿ ಕಲಿಸುವಾಗ ಭಾರಕ್ಕೆಂದು ಮಾದೇಶನನ್ನು ಕೂರಿಸಿದೆವು. ಮೊದಲ ಎಡ ತಿರುವಿಗೇ ಅವನು ಎಲ್ಲ ದೇವರನ್ನೂ ಕರೆದ.

ಸುಮಿತ್ರಕ್ಕ ಗಾಡಿ ನಿಲ್ಲಿಸಿದರು. "ಇಳಿಯೋ ಮಾದೇಶ. ನಾಳೆಯಿಂದ ಅಕ್ಕಿ ಮೂಟೆ ಇಡ್ತೀನಿ. ಅದು ಕಿರುಚಲ್ಲ."

"ಅಂಗೇ ಮಾಡಿ ಅಮ್ಮಾರೇ. ಅಕ್ಕಿಗೆ ಎಂಡ್ತಿ ಮಕ್ಕಳಿಲ್ಲ."

ಇಷ್ಟಾದರೂ ಸರ್ ಹಿತ್ತಲಿನ ವೆರಾಂಡದ ಕುರ್ಚಿ ಬಿಟ್ಟು ಏಳಲಿಲ್ಲ. ಉಳಿದದ್ದು ಸೈಡ್‌ಕಾರಿನ ಚಕ್ರ. ನಾನು ಕಟ್ಟಲು ಕೂತಾಗ ಸುಮಿತ್ರಕ್ಕ ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡರು. "ಇದನ್ನ ನಾನೇ ಕಟ್ತೀನಿ. ನೀನು ಹೇಳ್ಕೊಡು, ಸಾಕು." ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ. ದಿನಾ ಸಂಜೆ ವೀಣೆಯ ಪಾಠ ಮುಗಿಸಿ ಬಂದು ಕೂರುತ್ತಿದ್ದರು. ಉಗುರಿಗೆ ಗ್ರೀಸು ಹತ್ತಿತು. ಕಡ್ಡಿ ನೇಯುವುದು ಜಡೆ ಹೆಣೆದ ಹಾಗೆ, ಒಳಗಿನದು ಹೊರಗೆ, ಹೊರಗಿನದು ಒಳಗೆ. ಒಂದು ಸಂಜೆ ಅವರು ತಟ್ಟುತ್ತಿದ್ದರು. ಟಿಣ್, ಟಿಣ್, ಟಪ್.

ವೆರಾಂಡದಿಂದ ದನಿ ಬಂತು. "ಅದು ಕಡಿಮೆಯಾಯ್ತು. ಇನ್ನು ಅರ್ಧ ಸುತ್ತು."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸುಮಿತ್ರಕ್ಕ ಅರ್ಧ ಸುತ್ತು ಬಿಗಿದು ತಟ್ಟಿದರು. ವೆರಾಂಡದಿಂದ ಮತ್ತೆ ಮಾತಿಲ್ಲ. ಸರಿಯಾಗಿದೆ ಅಂತ ಅರ್ಥ.

ಚಕ್ರ ಮುಗಿದ ಬೆಳಿಗ್ಗೆ ಸುಮಿತ್ರಕ್ಕ ಸೀರೆಯ ಮೇಲೆ ಜಾಕೆಟ್ ತೊಟ್ಟು, ಗೋಡೆಯ ಮೊಳೆಯಿಂದ ಆ ಅರ್ಧ ಹೆಲ್ಮೆಟ್ ತೆಗೆದುಕೊಂಡು ಗಂಡನ ಮುಂದೆ ಹೋಗಿ ನಿಂತರು.

"ರೀ, ಚಕ್ರ ಕಟ್ಟಿದ್ದು ನಾನು. ಟ್ರಯಲ್ ಆಗಬೇಕು."

"ಐರಿನ್ ಇದಾಳಲ್ಲ."

"ಅವಳು ಹೇಳ್ಕೊಟ್ಟೋಳು. ಮಾದೇಶ ಬೆಸುಗೆ ಹಾಕ್ದೋನು. ಮಾಡ್ದೋರು ಕೇಳೋ ಹಾಗಿಲ್ಲ, ನಿಮ್ಮದೇ ಕಾಯಿದೆ. ಕೈ ಹಾಕದೆ ಉಳಿದಿರೋರು ಈ ಮನೇಲಿ ನೀವೊಬ್ಬರೇ."

ಮಾದೇಶ ಬೀಡಿ ಹಚ್ಚುವುದನ್ನು ಮರೆತು ನಿಂತಿದ್ದ. ಆಮೇಲೆ ಸರ್ ಕೈ ಚಾಚಿದರು. ಸುಮಿತ್ರಕ್ಕ ಹೆಲ್ಮೆಟ್ಟನ್ನು ಆ ಕೈಗೆ ಇಟ್ಟರು.

ರಿಂಗ್ ರೋಡಿನಲ್ಲಿ ಒಂದು ಸುತ್ತು ಹೋಗಿ ಬಂದರು. ನಾವು ಗೇಟಿನಲ್ಲೇ ಕಾದಿದ್ದೆವು. ಸರ್ ಸೈಡ್‌ಕಾರಿನಿಂದ ಇಳಿಯಲಿಲ್ಲ.

"ಬ್ರೇಕ್ ಹಿಡಿಯೋವಾಗ ಕೈ ಬಿಗಿ ಮಾಡ್ತೀಯ ಸುಮಿ. ಸಡಿಲ ಬಿಡು."

"ಕೈ ವಿಷಯ ಆಮೇಲೆ. ಚಕ್ರ ಪಾಸಾ, ಫೇಲಾ?"

"ಇಷ್ಟು ಚಿಕ್ಕ ಟ್ರಯಲ್‌ನಲ್ಲಿ ಹೇಗೆ ಹೇಳೋದು? ಹೊಸಾ ಚಕ್ರ. ಉದ್ದ ಓಡಿಸಿ ನೋಡಬೇಕು."

"ಎಷ್ಟು ಉದ್ದ?"

ಸರ್ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ, ಏನೂ ದೊಡ್ಡ ವಿಷಯವಲ್ಲ ಅನ್ನುವ ಹಾಗೆ ಹೇಳಿದರು. "ಕನ್ಯಾಕುಮಾರಿ ತನಕ."

ಸುಮಿತ್ರಕ್ಕ ಒಳಗೆ ಹೋದರು, ಕಾಫಿ ತರಲು ಅಂತ. ಕಾಫಿ ಬರಲು ಬಹಳ ಹೊತ್ತಾಯಿತು.

ಅವರು ಹೋಗಿ ಬಂದರು. ದಿಂಬಂ ಘಾಟಿನ ತಿರುವುಗಳನ್ನು ಸುಮಿತ್ರಕ್ಕ ಎತ್ತಿನಗಾಡಿಯ ವೇಗದಲ್ಲಿ ಇಳಿಸಿದರಂತೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದರೆ ಸರ್ ಕೂತಲ್ಲಿಂದಲೇ, "ಟ್ರಯಲ್ ನಡೀತಿದೆ ಮಾರಾಯ," ಅಂದರಂತೆ. ಸಮುದ್ರದ ದಡದಲ್ಲಿ ಅಲೆ ಕೇಳಿಕೊಂಡು ಇಡೀ ಸಂಜೆ ಕೂತಿದ್ದರಂತೆ. ಇದೆಲ್ಲ ಫೋನಿನಲ್ಲಿ ಕೇಳಿದ್ದು. ಅವರು ಹೊರಟ ಮಾರನೇ ದಿನವೇ ನಾನು ಗೋವಾಕ್ಕೆ ತಂಗಿಯ ಮನೆಗೆ ಹೋಗಿದ್ದೆ, ಅವಳ ಮಂಡಿಯ ಆಪರೇಷನ್ನಿಗೆ. ನಾನು ಮರಳುವ ಮೊದಲೇ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಸರ್ ಏಳಲಿಲ್ಲ. ಹಾಗಾಗಿ ನನಗೆ ಉಳಿದದ್ದು ಅವರು ಹೊರಟ ಆ ಬೆಳಗು ಮಾತ್ರ.

ಅವತ್ತು ಮಾದೇಶ ಮೂರೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟ. ನಾನು ವೇಲಾಂಕಣಿ ಮಾತೆಯ ಪದಕವೊಂದನ್ನು ಸೀಟಿನ ಸಂದಿಗೆ ಸೇರಿಸಿದೆ. ಸರ್ ಅರ್ಧ ಹೆಲ್ಮೆಟ್ ಹಾಕಿ, ಸ್ವೆಟರಿನ ಗುಂಡಿ ಕುತ್ತಿಗೆ ತನಕ ಹಾಕಿಕೊಂಡು ಕೂತಿದ್ದರು. ಗಾಡಿ ಹೊರಟಿತು. ಬೀದಿಯ ಅರ್ಧ ದಾಟಿರಲಿಲ್ಲ, ಸರ್ ಸೈಡ್‌ಕಾರಿನ ತಗಡನ್ನು ಒಂದು ಸಲ ತಟ್ಟಿದರು. ಗಾಡಿ ನಿಂತಿತು. ನಾನು ಓಡಿದೆ.

"ಏನ್ ಸರ್, ಕಡ್ಡಿನಾ?"

ಅವರು ಕಣ್ಣು ಮುಚ್ಚಿಯೇ ಇದ್ದರು. "ಕಡ್ಡಿ ಅಲ್ಲ ಐರಿನ್, ಕಡ್ಡಿ ಚೆನ್ನಾಗಿದೆ. ಹಿಂದೆ ಪೆಟ್ಟಿಗೇಲಿ ಊಟದ ಡಬ್ಬಿ ಇದೆಯಲ್ಲ, ಅದರೊಳಗೆ ಚಮಚ. ಅಷ್ಟು ದೂರ ಅದನ್ನ ಕೇಳ್ಕೊಂಡು ಹೋಗೋಕಾಗಲ್ಲ."

"ಚಮಚ ಬೇಡ ಅಂದ್ರೆ ಪುಳಿಯೋಗರೆ ಕೈಯಲ್ಲಿ ತಿನ್ನಿ," ಅಂದರು ಸುಮಿತ್ರಕ್ಕ, ತಿರುಗದೆ.

ನಾನು ಡಬ್ಬಿ ತೆರೆದು ಚಮಚವನ್ನು ನನ್ನ ಕರ್ಚೀಫಿನಲ್ಲಿ ಸುತ್ತಿ ಇಟ್ಟೆ. ಗಾಡಿ ಮತ್ತೆ ಹೊರಟಿತು. ನಾನು ಬೀದಿಯ ನಡುವೆ ನಿಂತು ಕೇಳಿದೆ. ಎಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಸರ್ ಎಡಗೈಯನ್ನು ಸೈಡ್‌ಕಾರಿನಿಂದ ಹೊರಗೆತ್ತಿ, ಅಂಗೈ ಅಗಲಿಸಿ ನನ್ನ ಕಡೆಗೆ ಹಿಡಿದರು. ತಿರುವು ಬರುವ ತನಕ ಆ ಕೈ ಕೆಳಗಿಳಿಯಲಿಲ್ಲ.